ಎಲ್ಲೆ ಮೀರಿದ ವಿಳಾಸ

ಗಣಕಯಂತ್ರದ ಗುಂಡಿಯನ್ನು ಒತ್ತುತ್ತೇವೆ. ಕೆಲವು ಕ್ಷಣಗಳಲ್ಲಿ ಪರದೆ ಬೆಳಗುತ್ತದೆ. ಆ ಕ್ಷಣಗಳಲ್ಲಿ ನಡೆಯುವುದೇನು? ಬೂಟ್‌ಲೋಡರ್ ಎಂಬ ಪುಟ್ಟ ಕ್ರಮವಿಧಿಯೊಂದು ಮೊದಲು ಎದ್ದು, ಮುಖ್ಯ ವ್ಯವಸ್ಥೆಯನ್ನು ಡಿಸ್ಕಿನಿಂದ ತಂದು ಸ್ಮೃತಿಯಲ್ಲಿ ಇರಿಸಿ, ಅದಕ್ಕೆ ಅಧಿಕಾರವನ್ನು ಒಪ್ಪಿಸಿ, ತಾನು ಮರೆಯಾಗುತ್ತದೆ. ಮದುವೆಯ ಮನೆಗೆ ಎಲ್ಲರಿಗಿಂತ ಮುಂಚೆ ಬಂದು ಒಲೆ ಹೂಡುವ ಅಡಿಗೆಯವನ ಪಾತ್ರ ಇದರದು.

ತಂದುದನ್ನು ಎಲ್ಲಿ ಇರಿಸಬೇಕು? ಸ್ಮೃತಿಯೆಂದರೆ ಸಾಲಾಗಿ ಕಟ್ಟಿದ ಕೋಣೆಗಳು. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಅದೇ ಅದರ ವಿಳಾಸ. ಪ್ರೊಸೆಸರು ಈ ವಿಳಾಸವನ್ನು ತಂತಿಗಳ ಮೂಲಕ ಕಳುಹಿಸುತ್ತದೆ. ಒಂದೊಂದು ತಂತಿಯೂ ‘ಇದೆ’, ‘ಇಲ್ಲ’ ಎಂಬ ಎರಡೇ ಮಾತುಗಳನ್ನು ಬಲ್ಲದು. ಅಂತಹ ಒಂದು ಮಾತಿಗೆ ಬಿಟ್ ಎಂದು ಹೆಸರು. ಇಂಟೆಲ್ ಸಂಸ್ಥೆ ೧೯೭೮ರಲ್ಲಿ ಹೊರತಂದ ೮೦೮೬ ಪ್ರೊಸೆಸರಿಗೆ ವಿಳಾಸದ ತಂತಿಗಳು ೨೦. ಆದುದರಿಂದ ಅದು ಗುರುತಿಸಬಲ್ಲ ಕೋಣೆಗಳು ೧೦,೪೮,೫೭೬. ಅಂದರೆ ಒಂದು ಮೆಗಾಬೈಟ್. ಅದರಾಚೆಯ ಕೋಣೆಯನ್ನು ಕೇಳಿದರೆ? ಮೋಟಾರು ಗಾಡಿಯ ಐದಂಕಿಯ ಮೈಲಿಮಾಪಕ ೯೯,೯೯೯ನ್ನು ದಾಟಿದೊಡನೆ ಸೊನ್ನೆಗೆ ತಿರುಗುವಂತೆ, ವಿಳಾಸವೂ ಮೊದಲ ಕೋಣೆಗೇ ಮರಳುತ್ತಿತ್ತು.

ಈ ಮರಳುವಿಕೆಯನ್ನೇ ನೆಚ್ಚಿಕೊಂಡ ಕ್ರಮವಿಧಿಗಳೂ ಹುಟ್ಟಿದವು. ೧೯೮೨ರಲ್ಲಿ ೮೦೨೮೬ ಬಂದಿತು. ತಂತಿಗಳು ೨೪, ಕೋಣೆಗಳು ಹದಿನಾರು ಪಟ್ಟು. ಈಗ ಎಲ್ಲೆ ಮೀರಿದ ವಿಳಾಸ ಹಿಂದಿರುಗದೆ ನಿಜವಾಗಿಯೇ ಮುಂದಕ್ಕೆ ಹೋಯಿತು. ಹಳೆಯ ಕ್ರಮವಿಧಿಗಳು ಕೆಡಬಾರದಷ್ಟೆ! ಐಬಿಎಂ ಸಂಸ್ಥೆ ೧೯೮೪ರ ತನ್ನ ಪಿಸಿ ಎಟಿ ಯಂತ್ರದಲ್ಲಿ ಇಪ್ಪತ್ತೊಂದನೆಯ ತಂತಿಗೆ ಒಂದು ಬಾಗಿಲನ್ನು ಇಟ್ಟಿತು. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಆ ತಂತಿಯ ಹೆಸರು ‘ಎ ೨೦’. ಬಾಗಿಲು ಮುಚ್ಚಿರುವಷ್ಟು ಕಾಲವೂ ಆ ತಂತಿ ‘ಇಲ್ಲ’ ಎಂದೇ ನುಡಿಯುತ್ತದೆ. ಇದರ ಚಿಲಕವನ್ನು ಇಟ್ಟದ್ದು ಎಲ್ಲಿ ಬಲ್ಲಿರಾ? ಕೀಲಿಮಣೆಯನ್ನು ನೋಡಿಕೊಳ್ಳುವ ಚಿಪ್‌ನಲ್ಲಿ! ಅದರಲ್ಲಿ ಒಂದು ಪಿನ್ ಬಿಡುವಾಗಿತ್ತು.

ಬೂಟ್‌ಲೋಡರಿಗೆ ಸಂಕಟ ಬಂದದ್ದು ಇಲ್ಲಿಂದ. ಲಿನಕ್ಸ್‌ನಂತಹ ವ್ಯವಸ್ಥೆಯನ್ನು ಒಂದು ಮೆಗಾಬೈಟಿನ ಮೇಲಿನ ಕೋಣೆಗಳಲ್ಲಿ ಇರಿಸುವುದು ವಾಡಿಕೆಯಾಯಿತು. ಬಾಗಿಲು ಮುಚ್ಚಿದ್ದರೆ, ಮೇಲಕ್ಕೆಂದು ಕಳುಹಿಸಿದ್ದು ಕೆಳಗಿನ ಕೋಣೆಗಳಿಗೆ ಬಂದು ಬೀಳುತ್ತದೆ. ಕೆಳಗೆ ವಾಸವಾಗಿರುವುದು ಯಾರು? ಬೂಟ್‌ಲೋಡರೇ! ಕುಳಿತ ಕೊಂಬೆಯನ್ನೇ ಕಡಿದಂತಾಯಿತು. ಎಚ್ಚರಿಸುವವರು ಯಾರೂ ಇಲ್ಲ. ಯಂತ್ರ ಸುಮ್ಮನೆ ನಿಂತುಬಿಡುತ್ತದೆ.

ಆದುದರಿಂದ ಜಾಣ ಬೂಟ್‌ಲೋಡರು ಬಾಗಿಲನ್ನು ತೆರೆಯೆಂದು ಆಜ್ಞೆಯಿತ್ತ ಮಾತ್ರಕ್ಕೆ ನಂಬದು. ಕೆಳಗಿನ ಕೋಣೆಯೊಂದರಲ್ಲಿ ಒಂದು ಸಂಖ್ಯೆಯನ್ನು ಬರೆದು, ಸರಿಯಾಗಿ ಒಂದು ಮೆಗಾಬೈಟ್ ಮೇಲಿರುವ ಕೋಣೆಯಲ್ಲಿ ಇಣುಕುತ್ತದೆ. ಅಲ್ಲಿಯೂ ಅದೇ ಸಂಖ್ಯೆ ಕಂಡರೆ, ಕಾಕತಾಳೀಯವಿರಬಹುದೆಂದು ಸಂಖ್ಯೆಯನ್ನು ಬದಲಿಸಿ ಮತ್ತೆ ನೋಡುತ್ತದೆ. ಪುನಃ ಎರಡೂ ಒಂದೇ ಆದರೆ ಬಾಗಿಲು ಮುಚ್ಚಿದೆಯೆಂದೇ ಅರ್ಥ.

ಈ ತೊಡಕು ಇಂಟೆಲ್ ಮನೆತನಕ್ಕೆ ಮಾತ್ರ ಅಂಟಿದುದಲ್ಲ. ವಿಳಾಸ ೩೨ ಬಿಟ್‌ಗಳಷ್ಟಿದ್ದರೆ ಕೋಣೆಗಳು ೪೨೯,೪೯,೬೭,೨೯೬. ಅಂದರೆ ನಾಲ್ಕು ಗಿಗಾಬೈಟ್. ಆರ್ಮ್ ಪ್ರೊಸೆಸರಿನ ಕೆಲವು ಬೋರ್ಡುಗಳಲ್ಲಿ ಸ್ಮೃತಿ ಸೊನ್ನೆಯಿಂದ ಆರಂಭವಾಗದೆ ಎರಡು ಗಿಗಾಬೈಟಿನ ವಿಳಾಸದಿಂದ ಆರಂಭವಾಗುತ್ತದೆ. ಅಲ್ಲಿ ಎರಡು ಗಿಗಾಬೈಟ್ ಸ್ಮೃತಿಯನ್ನು ಅಳವಡಿಸಿ, ಕೊನೆಯೆಲ್ಲಿ ಎಂದು ಕೂಡಿಸಿ ನೋಡಿದರೆ, ೩೨ ಬಿಟ್‌ಗಳ ಲೆಕ್ಕದಲ್ಲಿ ಉತ್ತರ ಸೊನ್ನೆ! ಸ್ಮೃತಿಯ ತುದಿಗೆ ತನ್ನ ಬಿಡಾರವನ್ನು ಸಾಗಿಸಿಕೊಳ್ಳುವ ಯು-ಬೂಟ್‌ನಂತಹ ಬೂಟ್‌ಲೋಡರಿಗೆ ಆಗ ತುದಿಯೇ ಸಿಕ್ಕದು. ಲೆಕ್ಕವನ್ನು ಹೆಚ್ಚು ಬಿಟ್‌ಗಳಲ್ಲಿ ಮಾಡಬೇಕು. ಇಲ್ಲವೇ ಕೊನೆಯಾಚೆಯ ಸಂಖ್ಯೆಯನ್ನು ಬಿಟ್ಟು, ಕೊನೆಯ ಕೋಣೆಯ ಸಂಖ್ಯೆಯನ್ನು ಹಿಡಿಯಬೇಕು.

೬೪ ಬಿಟ್‌ಗಳ ಪ್ರೊಸೆಸರು ಬಂದ ಮೇಲೆ ಚಿಂತೆ ತೀರಿತೆ? ಪ್ರೊಸೆಸರೇನೋ ನಾಲ್ಕು ಗಿಗಾಬೈಟಿನಾಚೆಗೂ ಕೈಚಾಚಬಲ್ಲದು. ಆದರೆ ಅದರ ನೆರೆಯಲ್ಲಿದ್ದು ಸ್ಮೃತಿಯನ್ನು ತಾವೇ ನೇರವಾಗಿ ಮುಟ್ಟುವ ಕೆಲವು ಸಾಧನಗಳು ೩೨ ಬಿಟ್‌ಗಳ ವಿಳಾಸವನ್ನಷ್ಟೇ ಬಲ್ಲವು. ಅವು ಓದಬೇಕಾದುದನ್ನು ಬೂಟ್‌ಲೋಡರು ಅವುಗಳ ಕೈಗೆಟಕುವ ಕೆಳಗಿನ ಕೋಣೆಗಳಲ್ಲಿಯೇ ಇಡಬೇಕು.

ತೇರಿನ ಅಗಲವನ್ನು ಗೊತ್ತುಮಾಡುವುದು ದಾರಿಯಲ್ಲಿನ ಅತಿ ಇಕ್ಕಟ್ಟಾದ ಓಣಿ. ಯಂತ್ರಗಳಲ್ಲಿಯೂ ಹಾಗೆಯೇ. ಹೊಸ ಪ್ರೊಸೆಸರಿಗೆ ಬೂಟ್‌ಲೋಡರನ್ನು ಹೊಂದಿಸುವವರು ಮೊದಲು ವಿಚಾರಿಸಿಕೊಳ್ಳಬೇಕಾದದ್ದು ಆ ಓಣಿ ಎಲ್ಲಿದೆ ಎಂಬುದನ್ನು.