ನಾಲೆಯ ದಂಡೆ ಚೆಂದವಾದರೆ ನಾಲೆಗೆ ನೀರು ಬರುತ್ತದೆಯೇ?

ಪಾಳುಬಿದ್ದ ನಾಲೆಯನ್ನು ಉಳಿಸುವ ಮಾತು ಬಂದಾಗಲೆಲ್ಲ ಒಂದೇ ಬಗೆಯ ಚಿತ್ರ ಕಣ್ಮುಂದೆ ಬರುತ್ತದೆ. ಎರಡೂ ಬದಿ ಕಲ್ಲುಹಾಸು, ಬೆಂಚು, ದೀಪದ ಕಂಬ, ವಾಕಿಂಗ್ ಹಾದಿ, ನಡುವೆ ತುಂಬಿ ನಿಂತ ನೀರು. ದಂಡೆಗೆ ಜನ ಬಂದರೆ ಕಸ ಸುರಿಯುವುದು ನಿಲ್ಲುತ್ತದೆ, ಅಲ್ಲಿನ ಅಂಗಡಿಗಳ ಬಾಡಿಗೆಯಲ್ಲೇ ನಾಲೆಯ ರಿಪೇರಿ ನಡೆಯುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಹಾಸನ ಜಿಲ್ಲೆಯ ಮಟ್ಟಿಗೆ, ಚಿತ್ರದ ನಡುವೆ ತುಂಬಿ ನಿಂತಿರುವ ಆ ನೀರೇ ದೊಡ್ಡ ಪ್ರಶ್ನೆ.

ಈ ಚಿತ್ರ ಬಂದದ್ದು ಹೆಚ್ಚಾಗಿ ಯುರೋಪಿನಿಂದ. ಇಂಗ್ಲೆಂಡಿನ ರಾಚ್‌ಡೇಲ್ ಕಾಲುವೆ 1952ರಲ್ಲಿ ಮುಚ್ಚಿ, 2002ರಲ್ಲಿ ಪೂರ್ತಿಯಾಗಿ ಮತ್ತೆ ತೆರೆಯಿತು. ಅಂಥ ಕಾಲುವೆಗಳನ್ನು ತೋಡಿದ್ದು ದೋಣಿ ಸಾಗಿಸಲು. ಅಲ್ಲಿ ನೀರು ಬಾಗಿಲುಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿರುತ್ತದೆ, ಕಡಿಮೆಯಾದಷ್ಟನ್ನು ತುಂಬಿಸಿದರಾಯಿತು. ನಮ್ಮ ನಾಲೆಯ ಕೆಲಸವೇ ಬೇರೆ. ಅದು ಗದ್ದೆಗೆ ನೀರು ಒಯ್ಯುವ ದಾರಿ. ಬೆಳೆಯ ಕಾಲಕ್ಕೆ ಹರಿಯುತ್ತದೆ, ತೂಬು ಮುಚ್ಚಿದ ಮೇಲೆ ಒಣಗುತ್ತದೆ. ಬೇಸಿಗೆಯಲ್ಲಿ ಒಣಗಿದ ನಾಲೆಯನ್ನು ಕಂಡು ‘ಸತ್ತುಹೋಗಿದೆ’ ಎನ್ನುವುದೂ ಒಂದು ತಪ್ಪು ತಿಳಿವಳಿಕೆಯೇ.

ಗೊರೂರಿನ ಹೇಮಾವತಿ ಜಲಾಶಯ ಪೂರ್ಣಗೊಂಡದ್ದು 1979ರಲ್ಲಿ. ಅದರ ಸಾಮರ್ಥ್ಯ ಸುಮಾರು 37 ಟಿಎಂಸಿ. ಎಡದಂಡೆ ನಾಲೆ ಹಾಸನ, ಚನ್ನರಾಯಪಟ್ಟಣಗಳ ಕಡೆ ಹರಿದು ತುಮಕೂರು ಜಿಲ್ಲೆಗೆ ದಾಟುತ್ತದೆ. ಬಲದಂಡೆಯ ನೀರು ಅರಕಲಗೂಡು, ಹೊಳೆನರಸೀಪುರಗಳ ಕಡೆಗೆ. ಇವಕ್ಕೂ ಹಳೆಯವು ಅರಸರ ಕಾಲದ ಕಟ್ಟೆಗಳು: ಹೇಮಾವತಿಗೆ ಅಡ್ಡಲಾಗಿ ಶ್ರೀರಾಮದೇವರ ಕಟ್ಟೆ, ಅರಕಲಗೂಡು ತಾಲ್ಲೂಕಿನ ಕಟ್ಟೇಪುರದಲ್ಲಿ ಕಾವೇರಿಗೆ ಕೃಷ್ಣರಾಜ ಕಟ್ಟೆ. ಇಂಥ ನಾಲೆಗಳು ಬುಡದಿಂದ ಸಾಯುವುದಿಲ್ಲ, ತುದಿಯಿಂದ ಸಾಯುತ್ತವೆ. ಮೇಲಿನವರು ಹೆಚ್ಚು ಎಳೆದುಕೊಂಡರೆ, ಮಧ್ಯೆ ಹೂಳು ತುಂಬಿದರೆ, ಕೊನೆಯ ಹಂಚಿಕೆ ನಾಲೆಗೆ ನೀರು ಮುಟ್ಟುವುದಿಲ್ಲ. ನಾಲ್ಕಾರು ವರ್ಷ ನೀರು ಬಾರದ ಜಾಗದಲ್ಲಿ ಜೊಂಡು ಬೆಳೆಯುತ್ತದೆ. ಆಮೇಲೆ ಪಕ್ಕದ ಬೇಲಿ ಒಂದೊಂದೇ ಅಡಿ ಒಳಗೆ ಸರಿಯುತ್ತದೆ. ಕೆರೆಯಿಂದ ಕೆರೆಗೆ ಹೋಗುವ ಹಳೆಯ ಕಾಲುವೆಗಳದ್ದೂ ಇದೇ ಕಥೆ.

ಹಾಗಾದರೆ ದಂಡೆಯಲ್ಲಿ ಪಾರ್ಕು ಮಾಡಿ ವರ್ಷವಿಡೀ ನೀರು ನಿಲ್ಲಿಸಿದರೆ? ಆ ನೀರು ಯಾರದು ಎಂದು ಮೊದಲು ಕೇಳಬೇಕಾಗುತ್ತದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ಕೊಳ್ಳದಲ್ಲಿ ಕರ್ನಾಟಕದ ಪಾಲನ್ನು 284.75 ಟಿಎಂಸಿ ಎಂದು ನಿಗದಿ ಮಾಡಿತು. ಹೇಮಾವತಿಯೂ ಆ ಲೆಕ್ಕದೊಳಗೇ ಇದೆ. ಇದೇ ನೀರಿಗಾಗಿ ಹಾಸನ, ಮಂಡ್ಯ, ತುಮಕೂರುಗಳ ನಡುವೆ ನಡೆಯುವ ಜಗಳ ನಮಗೆ ಗೊತ್ತಿರುವುದೇ. ಹೊರಗಿನಿಂದ ನೀರು ತಂದು ದಂಡೆ ಬೆಳಗಿಸಿದ ಊರುಗಳಿವೆ ನಿಜ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮೇಲುಸೇತುವೆ ಕೆಡವಿ 2005ರಲ್ಲಿ ತೆರೆದ ಚೊಂಗ್ಯೆಚೊನ್ ತೊರೆಗೆ ಹಾನ್ ನದಿಯಿಂದ ಪಂಪು ಮಾಡಿ ನೀರು ಬಿಡುತ್ತಾರೆ. ಅಹಮದಾಬಾದಿನ ಸಾಬರಮತಿ ದಂಡೆಯ ಎದುರು ತುಂಬಿ ನಿಂತಿರುವುದು ನರ್ಮದಾ ನಾಲೆಯಿಂದ ತಂದ ನೀರು. ಕರೆಂಟ್ ಬಿಲ್ಲು ಕಟ್ಟುವ ದೊಡ್ಡ ಊರಿಗೆ ಅದು ಸಾಧ್ಯ. ಚನ್ನರಾಯಪಟ್ಟಣದ ಪುರಸಭೆಗೆ ಸಾಧ್ಯವೇ?

ನಿಂತ ನೀರಿಗೆ ಇನ್ನೊಂದು ಬೆಲೆಯೂ ಇದೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದೆರಡು ವಾರ ಸಾಕು. ‘ಚರಂಡಿ ನೀರಿನಲ್ಲಿ ಮಾತ್ರ ಸೊಳ್ಳೆ, ನಾಲೆ ನೀರಿನಲ್ಲಿ ಇಲ್ಲ’ ಎನ್ನುವವರಿದ್ದಾರೆ. ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಹಲವು ಸೊಳ್ಳೆಗಳಿಗೆ ಬೇಕಾದದ್ದು ತಿಳಿನೀರೇ. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಬಂದ ಮೇಲೆ ಮಂಡ್ಯದ ಸುತ್ತ ಮಲೇರಿಯಾ ದೊಡ್ಡ ಪಿಡುಗಾಗಿತ್ತು. ಹರಿಯುವ ನೀರಿನಲ್ಲಿ ಮರಿಗಳು ಕೊಚ್ಚಿಹೋಗುತ್ತವೆ, ಪೂರ್ತಿ ಒಣಗಿದರೆ ಸಾಯುತ್ತವೆ. ಅಪಾಯ ಇರುವುದು ಇವೆರಡರ ನಡುವಿನ ಸ್ಥಿತಿಯಲ್ಲಿ: ಜೊಂಡಿನ ಮರೆಯ ಹೊಂಡಗಳಲ್ಲಿ, ಅಂದಕ್ಕೆಂದು ಅಗಲ ಮಾಡಿದ ‘ಕೊಳ’ಗಳಲ್ಲಿ. ನಾಲೆಯ ಇಳಿಜಾರು ಸಾಮಾನ್ಯವಾಗಿ ಕಿಲೋಮೀಟರಿಗೆ ಒಂದು ಗೇಣಿನಿಂದ ಒಂದು ಮೊಳ, ಅಷ್ಟೇ. ನಡುವೆ ಒಂದು ಕಡೆ ಅಗಲ ಮಾಡಿದರೆ ವೇಗ ಇಳಿಯುತ್ತದೆ, ಹೂಳು ಅಲ್ಲೇ ಕೂರುತ್ತದೆ, ಕೆಳಗಿನ ಊರಿನ ಪಾಲು ಇನ್ನಷ್ಟು ಇಳಿಯುತ್ತದೆ.

ಇಷ್ಟಾದರೂ ದಂಡೆಯ ಯೋಜನೆ ಬೇಡ ಎನ್ನುವುದು ನಮ್ಮ ವಾದವಲ್ಲ. ಯೋಜನೆ ಎಲ್ಲಿಂದ ಶುರುವಾಗಬೇಕು ಎನ್ನುವುದಷ್ಟೇ ಪ್ರಶ್ನೆ. ಬೆಂಚು, ದೀಪಕ್ಕಿಂತ ಮೊದಲು ಬೇಕಾದದ್ದು ಸರ್ವೆ. ನಾಲೆಯ ಜಾಗ ಎಷ್ಟು ಎಂದು ಅಳೆದು, ಕಲ್ಲು ನೆಟ್ಟು, ಪಟ್ಟಣದ ಮಾಸ್ಟರ್ ಪ್ಲಾನಿನಲ್ಲಿ ಗುರುತಿಸಿಟ್ಟರೆ ಹತ್ತು ವರ್ಷ ಬಿಟ್ಟಾದರೂ ನೀರು ತರಬಹುದು. ಒಮ್ಮೆ ಮನೆ ಎದ್ದ ಮೇಲೆ ಆಗದು. ಎರಡನೆಯದು ಕೊಳಚೆ. ಬೆಂಗಳೂರಿನಲ್ಲಿ ಕೆ-100 ರಾಜಕಾಲುವೆಯ ಕೆಲಸ ಕೈಗೆತ್ತಿಕೊಂಡಾಗ ಮೊದಲ ತಲೆನೋವು ಅದೇ ಆಗಿತ್ತು. ಕೊಳಚೆ ಬೇರೆ ಕೊಳವೆಗೆ ತಿರುಗದೆ ದಂಡೆಯಲ್ಲಿ ಯಾರೂ ಕೂರುವುದಿಲ್ಲ.

ಮೂರನೆಯದು ನಾಲೆ ಏರಿಯ ಮೇಲಿನ ದಾರಿ. ಅದನ್ನು ಪೂರ್ತಿ ಹೂಕುಂಡಕ್ಕೂ ಅಂಗಡಿಗೂ ಕೊಟ್ಟರೆ ಹೂಳೆತ್ತುವ ಜೆಸಿಬಿ ಇಳಿಯುವುದೆಲ್ಲಿ? ಅದೇ ದಾರಿಯಲ್ಲಿ ತಡೆಗೋಡೆಯೂ ಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಬಟ್ಟೆ ಒಗೆಯಲು, ದನ ಇಳಿಸಲು ಮೆಟ್ಟಿಲು ಕಟ್ಟುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಅದಿಲ್ಲದ ಕಡೆ ನುಣುಪಾದ ಕಾಂಕ್ರೀಟ್ ಇಳಿಜಾರಿನಲ್ಲಿ ಕಾಲು ಜಾರಿದವರಿಗೆ ಹಿಡಿಯಲು ಒಂದು ಬೇರೂ ಸಿಗುವುದಿಲ್ಲ.

ಕಾಂಕ್ರೀಟಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ಲೈನಿಂಗ್ ಮಾಡಿದರೆ ಸೋರಿಕೆ ನಿಂತು ತುದಿಗೆ ಹೆಚ್ಚು ನೀರು ಹೋಗುತ್ತದೆ, ನಿಜ. ಆದರೆ ಮಣ್ಣಿನ ನಾಲೆಯಿಂದ ಇಂಗಿದ ನೀರು ಎಲ್ಲವೂ ವ್ಯರ್ಥವಲ್ಲ. ಪಕ್ಕದ ತೆಂಗಿನ ತೋಟದ ಬಾವಿ, ಬೋರ್‌ವೆಲ್‌ಗಳಿಗೆ ಅದರಲ್ಲಿ ಒಂದು ಪಾಲು ಸೇರುತ್ತಿತ್ತು. ಒಬ್ಬರಿಗೆ ಉಳಿತಾಯ, ಇನ್ನೊಬ್ಬರಿಗೆ ನಷ್ಟ. ಎಲ್ಲಿ ಲೈನಿಂಗ್, ಎಲ್ಲಿ ಬೇಡ ಎಂಬುದನ್ನು ಎರಡೂ ಕಡೆಯವರನ್ನು ಕೂರಿಸಿಕೊಂಡು ತೀರ್ಮಾನಿಸಬೇಕು.

ಹಿಂದೆ ಈ ಕೆಲಸಕ್ಕೆ ನೀರುಗಂಟಿ ಇರುತ್ತಿದ್ದ. ಯಾವ ತೂಬು ಎಷ್ಟು ಹೊತ್ತು ತೆರೆದಿರಬೇಕು, ಎಲ್ಲಿ ಏರಿ ಸೋರುತ್ತಿದೆ ಎಂಬುದು ಅವನ ಬಾಯಲ್ಲೇ ಇರುತ್ತಿತ್ತು. ಈಗ ಆ ಹೊಣೆ ನೀರು ಬಳಕೆದಾರರ ಸಂಘಗಳ ಹೆಸರಿನಲ್ಲಿದೆ. 2024ರಲ್ಲಿ ರಾಜ್ಯದ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನಾಲೆಯಿಂದ ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆಯನ್ನೂ ಬಿಗಿ ಮಾಡಲಾಯಿತು. ದಂಡೆಯ ಅಂಗಡಿಗಳಿಂದ ಬಾಡಿಗೆ ಬರುವುದಾದರೆ ಅದರಲ್ಲಿ ಇಂತಿಷ್ಟು ಪಾಲು ಪ್ರತಿ ಬೇಸಿಗೆಯ ಹೂಳೆತ್ತುವಿಕೆಗೆ ಎಂದು ಕರಾರಿನಲ್ಲೇ ಬರೆಸಬಹುದು. ಕೆಲಸ ಆಗಿದೆಯೋ ಇಲ್ಲವೋ ಎಂದು ನೋಡಲು ಉದ್ಘಾಟನೆಯ ಫೋಟೋ ಬೇಕಿಲ್ಲ. ತೂಬು ಬಿಟ್ಟ ಎಷ್ಟನೆಯ ದಿನಕ್ಕೆ ಕೊನೆಯ ಗದ್ದೆಗೆ ನೀರು ಮುಟ್ಟಿತು ಎಂದು ಆ ಊರಿನವರನ್ನು ಕೇಳಿದರೆ ಸಾಕು.