ಊರಿಗೊಂದು ಹೆಸರು, ಪಟ್ಟಣಕ್ಕೊಂದು ಹೆಸರು

ಕ್ಯಾಂಪಿನಲ್ಲಿ ನಾಟಕ ಆಡೋಣ ಅಂದ್ರೆ ಮೊದಲು ಬರೋ ಮಾತು: ‘ಅಳಿಸೋದು ಬೇಡ ಮಾರಾಯ್ರೆ, ನಗೋ ಹಾಗಿರಲಿ.’ ಸರಿ, ಈ ತಿಂಗಳು ಒಂದು ಹಳೇ ನಗೆನಾಟಕದ ವಿಷಯ.

ಆಸ್ಕರ್ ವೈಲ್ಡ್ ಬರೆದ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ಲಂಡನ್ನಿನಲ್ಲಿ ಮೊದಲು ರಂಗಕ್ಕೆ ಬಂದದ್ದು 1895ರ ಫೆಬ್ರವರಿ 14ರಂದು, ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಅದರ ನಾಯಕ ಹಳ್ಳಿಯಲ್ಲಿ ಜ್ಯಾಕ್, ಲಂಡನ್ನಿಗೆ ಬಂದರೆ ಅರ್ನೆಸ್ಟ್. ‘ಪಟ್ಟಣದಲ್ಲಿ ಪೋಲಿ ತಮ್ಮ ಇದಾನೆ, ನೋಡಿ ಬರ್ತೀನಿ’ ಅಂತ ಮನೆಯವರಿಗೆ ಹೇಳಿ ಹೊರಡ್ತಾನೆ. ಆ ತಮ್ಮನೂ ಇವನೇ! ಇಂಗ್ಲಿಷಿನಲ್ಲಿ ಆ ಹೆಸರನ್ನು ಕಿವಿಯಲ್ಲಿ ಕೇಳಿದರೆ ಪ್ರಾಮಾಣಿಕ ಅನ್ನೋ ಅರ್ಥವೂ ಬರುತ್ತೆ. ತಮಾಷೆ ಇರೋದೇ ಅಲ್ಲಿ.

ನಮಗೇನು ಸಂಬಂಧ ಅಂತೀರಾ? ಊರಲ್ಲಿ ‘ನಮ್ಮ ಹುಡುಗ ದುಬೈಲಿ ಸೂಪರ್‌ವೈಸರ್’, ಇಲ್ಲಿ ಹೆಲ್ಪರ್. ರೂಮಿನ ಡಬಲ್ ಮಂಚ ಫೋಟೋದಲ್ಲಿ ಬೀಳಲ್ಲ, ಮಾಲ್ ಎದುರು ನಿಂತದ್ದು ಮಾತ್ರ ಮನೆಗೆ ಹೋಗುತ್ತೆ. ಅದನ್ನು ನಂಬಿ ಅಪ್ಪ ತಂಗಿ ಮದುವೆಗೆ ದೊಡ್ಡ ಛತ್ರ ಹಿಡಿದರೆ ಸಾಲ ತೀರಿಸೋನು ಯಾರು?

ಇಂಗ್ಲಿಷ್ ನಾಟಕ ಕಷ್ಟ ಅನ್ನಿಸಿದರೆ ನಮ್ಮ ಟಿ.ಪಿ. ಕೈಲಾಸಂ ಇದ್ದಾರೆ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಮನೆಮಾತಿನ ಕನ್ನಡಕ್ಕೆ ಇಂಗ್ಲಿಷ್ ಬೆರೆಸಿ ನಾಟಕ ಬರೆದವರು. ಅವರ ‘ಬಂಡ್ವಾಳ್ವಿಲ್ಲದ ಬಡಾಯಿ’ ಹೆಸರಲ್ಲೇ ನಮ್ಮ ಕಥೆ ಇದೆ.

ಕೆಲವು ಉಪಯೋಗದ ಮಾತು. ವೈಲ್ಡ್ ನಾಟಕಕ್ಕೆ ಒಂಬತ್ತು ಪಾತ್ರ, ಅದರಲ್ಲಿ ನಾಲ್ಕು ಹೆಂಗಸರದ್ದು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ಕರಾವಳಿಯವರಿಗೆ ಅದೇನು ದೊಡ್ಡದಲ್ಲ. ಅಲ್ಲಿನ ಲೇಡಿ ಬ್ರ್ಯಾಕ್ನೆಲ್ ಪಾತ್ರವನ್ನು ಗಂಡಸರೇ ಮಾಡಿದ್ದುಂಟು. ವೈಲ್ಡ್ ತೀರಿಕೊಂಡದ್ದು 1900ರಲ್ಲಿ, ಕೈಲಾಸಂ 1946ರಲ್ಲಿ. ಮೂಲ ನಾಟಕಗಳಿಗೆ ಹಕ್ಕಿನ ಹಣ ಕೊಡಬೇಕಿಲ್ಲ. ಬೇರೆಯವರ ಅನುವಾದ ಬಳಸಿದರೆ ಮಾತ್ರ ಅವರನ್ನು ಕೇಳಿ. ಕ್ಯಾಂಪಿನಲ್ಲಿ ಆಡೋದಕ್ಕೆ ಕ್ಯಾಂಪ್ ಬಾಸ್ ಒಪ್ಪಿಗೆ ತಗೊಳ್ಳಿ, ಹೊರಗೆ ಟಿಕೆಟ್ ಇಟ್ಟು ಆಡೋದಾದರೆ ಸರ್ಕಾರದ ಪರವಾನಗಿ ಬೇಕು. ರಿಹರ್ಸಲ್ ರಾತ್ರಿ ಅಥವಾ ರಜೆ ದಿನ ಇಟ್ಟುಕೊಳ್ಳಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಬಿಸಿಲಲ್ಲಿ ದುಡಿಯೋರಿಗೆ ಸಿಗೋ 12.30ರಿಂದ 3ರ ಬಿಡುವು ನಿದ್ದೆಗೇ ಇರಲಿ.

ಆಗೋದಿಲ್ಲ ಅನ್ನಬೇಡಿ. ಅಬುಧಾಬಿಯ ಕೇರಳ ಸೋಶಿಯಲ್ ಸೆಂಟರ್‌ನಲ್ಲಿ ಮಲಯಾಳಿಗಳು ಭರತ್ ಮುರಳಿ ಹೆಸರಲ್ಲಿ ನಾಟಕೋತ್ಸವವನ್ನೇ ನಡೆಸ್ತಾ ಬಂದಿದ್ದಾರೆ. ಅಲ್ಲಿ ಬಣ್ಣ ಹಚ್ಚೋರೂ ಡ್ಯೂಟಿ ಮುಗಿಸಿ ಬರೋರೇ.

ನಮ್ಮ ಬಡಾಯಿಗೆ ನಾವೇ ಒಟ್ಟಿಗೆ ಕೂತು ನಕ್ಕರೆ ಭಾರ ಇಳಿಯುತ್ತೆ. ಆಮೇಲೆ ಊರಿಗೆ ಫೋನ್ ಮಾಡಿ ‘ನನ್ನ ಕೆಲಸ ಇದು, ಸಂಬಳ ಇಷ್ಟು’ ಅಂತ ಹೇಳೋದಕ್ಕೂ ಸ್ವಲ್ಪ ಧೈರ್ಯ ಬಂದೀತು.