ಮಣ್ಣೂ ಬೇಕು, ಮ್ಯಾಟೂ ಬೇಕು

ಎಂ.ಎಂ.ಎ. ಎಂಬ ಹೊಸ ಕಾಳಗದ ಹುಚ್ಚು ವಿದ್ಯಾನಗರದ ಹುಡುಗರನ್ನೂ ಬಿಟ್ಟಿಲ್ಲ. ಕಲಿಯಲಿ, ಬ್ಯಾಡ ಅನ್ನಾವರು ಯಾರು? ಆದರೆ ಮೊಬೈಲು ನೋಡಿ ಗೆಳೆಯನ ಕುತ್ತಿಗೆ ಹಿಸುಕುವುದು ಕಲಿಕೆಯಲ್ಲ.

ಎತ್ತಿ ಕೆಡವುವ ವಿದ್ಯೆ ನಮ್ಮ ಗರಡಿಮನೆಯಲ್ಲೇ ಐತಿ. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರ ಏಷ್ಯನ್ ಕುಸ್ತಿಯಲ್ಲಿ ಕಂಚು ಗೆದ್ದದ್ದು ನೆನಪಿರಲಿ. ಆದರೆ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಆಟ ಮುಗೀತು, ಎಂ.ಎಂ.ಎ.ಯಲ್ಲಿ ಅಲ್ಲಿಂದಲೂ ನಡೆಯುತ್ತದೆ. ಚಿತ್ ಆಗಬಾರದೆಂದು ಬೋರಲು ತಿರುಗುವ ಪೈಲ್ವಾನನ ಕುತ್ತಿಗೆ ಅಲ್ಲಿ ಎದುರಾಳಿಯ ತೋಳಿಗೆ ಸಿಗುತ್ತದೆ. ಆ ಕೊರತೆ ತುಂಬುವುದು ಜೂಡೋದ ನೆಲದ ಪಟ್ಟುಗಳು.

ಎರಡೂ ಬಲ್ಲ ಗುರು, ದಪ್ಪ ಮ್ಯಾಟು, ಕೈ ತಟ್ಟಿದೊಡನೆ ಬಿಡುವ ಶಿಸ್ತು, ಮೂರೂ ಬೇಕು. ಮಹಾನಗರಪಾಲಿಕೆ ಗರಡಿಗೊಂದು ಮ್ಯಾಟು ಕೊಡಲಿ; ಹುಡುಗರು ಆಸ್ಪತ್ರೆ ಮೆಟ್ಟಿಲು ಹತ್ತುವ ಮೊದಲೇ ಕೊಡಲಿ.